ಪಾಶ್ಚರ್ ಮುಖ ಇರೋ ಕಂಚಿನ ಪದಕ, 1892ರದ್ದೇ ಅಂತ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ:
ನಮಸ್ಕಾರ, ಪ್ಯಾರಿಸ್ಸಲ್ಲಿ ಹಳೇ ಸಾಮಾನಿನ ಸಂತೇಲಿ ಲೂಯಿ ಪಾಶ್ಚರ್ ಮುಖ ಇರೋ ಪದಕ ತಗೊಂಡೆ, ಅಂಗೈಲಿಟ್ರೆ ಒಳ್ಳೆ ತೂಕ, ರೋತಿ ಅಂತ ಸಹಿ ಇದೆ, 1892 ಡಿಸೆಂಬರ್ 27ರ ತಾರೀಖಿದೆ, ಅಂಚಲ್ಲಿ ಕೊಂಬಿನ ಥರ ಪುಟ್ಟ ಗುರುತು. ನಮ್ಮಪ್ಪ ತಾಲೂಕು ಆಸ್ಪತ್ರೆ ಡಾಕ್ಟ್ರಾಗಿದ್ರು, ನಾಯಿ ಕಚ್ಚಿದೋರಿಗೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಕೊಡ್ತಿದ್ದ ಕಾಲ, ಅವರಿಗೇ ಅಂತ ತಂದಿದ್ದು. ಇದು ಆಗಿನದ್ದೇನಾ? ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ಉಜ್ಜಿ ಕೊಡ್ಲಾ?

ಉತ್ತರ 1:
ಅಯ್ಯೋ ಉಜ್ಜಬೇಡಿ! ಅದು ಕೊಳೆ ಅಲ್ಲ, ಪದಕ ಹೊಡೆದಾದ್ಮೇಲೆ ಬೇಕಂತಲೇ ಕಟ್ಟೋ ಬಣ್ಣ. ಹುಳಿ ಬಿದ್ರೆ ಪೂಜೆ ಚೊಂಬಿನ ಥರ ಫಳಫಳ ಅನ್ನುತ್ತೆ, ಕೆನ್ನೆ ಗಡ್ಡದ ನೆರಳೆಲ್ಲ ಹೋಗ್ಬಿಡುತ್ತೆ, ಆಮೇಲೆ ಏನು ಮಾಡಿದ್ರೂ ವಾಪಸ್ ಬರಲ್ಲ. ಒಣ ಮೆತ್ತನೆ ಬಟ್ಟೆ ಸಾಕು.

ಉತ್ತರ 2:
ಆ ಕೊಂಬು ಪ್ಯಾರಿಸ್ ಟಂಕಸಾಲೆ ಗುರುತು, 1880ರಿಂದ ಹಾಕ್ತಿದಾರೆ. ಅದಕ್ಕೆ ಮುಂಚೆ 1860ರಿಂದ ಜೇನುನೊಣ ಇತ್ತು, ಇನ್ನೂ ಹಿಂದೆ ಬೆರಳು ತೋರಿಸೋ ಕೈ. ಕಷ್ಟ ಏನಂದ್ರೆ ಕೊಂಬು ಆಮೇಲೆ ಬದಲಾಗ್ಲೇ ಇಲ್ಲ, ಹಳೇ ಅಚ್ಚು ಜೋಪಾನವಾಗಿಟ್ಟು ಎಷ್ಟೋ ವರ್ಷ ಬಿಟ್ಟು ಮತ್ತೆ ಹೊಡೀತಾರೆ, ಹಾಗಾಗಿ ಮೇಲಿರೋ ತಾರೀಖು ನಂಬಂಗಿಲ್ಲ. ಇತ್ತೀಚಿನವಕ್ಕೆ ಎಷ್ಟೋ ಸಲ ಕೊಂಬಿನ ಪಕ್ಕ ಇಸವಿನೂ ಇರುತ್ತೆ. ಲೆನ್ಸ್ ಹಿಡಿದು ಅಂಚು ಪೂರ್ತಿ ಒಂದು ಸುತ್ತು ನೋಡಿ.

ಉತ್ತರ 3:
ಆ ತಾರೀಖು ಪಾಶ್ಚರ್ ಅವರ 70ನೇ ಹುಟ್ಟುಹಬ್ಬ, ಪ್ಯಾರಿಸ್ ವಿಶ್ವವಿದ್ಯಾಲಯದ ಸೊರ್ಬಾನ್‌ನಲ್ಲಿ ದೊಡ್ಡ ಸಮಾರಂಭ ಮಾಡಿ ಈ ಪದಕ ಕೊಟ್ಟಿದ್ದು. ಆಸ್ಕರ್ ರೋತಿ ಅಂದ್ರೆ ಫ್ರೆಂಚ್ ನಾಣ್ಯದ ಮೇಲೆ ಬೀಜ ಬಿತ್ತೋ ಹೆಂಗಸನ್ನ ಕೆತ್ತಿದೋರು, ಅವರ ಗುರು ಪೋನ್‌ಸ್ಕಾರ್ಮ್ 1867ರಲ್ಲೇ ಪದಕದ ಸುತ್ತಲಿನ ಎತ್ತರದ ಕಟ್ಟು ತೆಗೆದುಹಾಕಿದ್ರು, ಅಲ್ಲಿಂದಾಚೆಗೆ ಈ ಕಲೆಗೆ ಹೊಸ ಜೀವ ಬಂತು ಅಂತ ನನ್ನ ಅಭಿಪ್ರಾಯ. ಡಾಕ್ಟರೇ ಕೆತ್ತಿರೋವೂ ಇವೆ ಗೊತ್ತಾ, ನರರೋಗದ ಹೆಸರಾಂತ ಡಾಕ್ಟರ್ ಶಾರ್ಕೊ ಹತ್ರ ಕೆಲಸ ಮಾಡ್ತಿದ್ದ ಪಾಲ್ ರಿಷೆ ಡಾಕ್ಟರೂ ಹೌದು ಶಿಲ್ಪಿನೂ ಹೌದು, ಸಿಕ್ರೆ ಬಿಡಬೇಡಿ. ಇನ್ನು ನಿಮ್ಮಪ್ಪಂಗೆ ಇದನ್ನೂ ಹೇಳಿ, 1885ರಲ್ಲಿ ಹುಚ್ಚುನಾಯಿ ಕಚ್ಚಿದ್ದ 9 ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ಗೆ ಪಾಶ್ಚರ್ ತಾವು ಕಂಡುಹಿಡಿದ ಲಸಿಕೆ ಕೊಡಿಸಿದ್ದು 13 ಇಂಜೆಕ್ಷನ್.

ಪ್ರಶ್ನೆ ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಮೊಬೈಲ್ ಟಾರ್ಚ್ ಹಾಕಿ ಅಂಚು ಎರಡು ಸುತ್ತು ನೋಡ್ದೆ, ಕೊಂಬು ಮತ್ತೆ ಬ್ರಾಂಜ್ ಅನ್ನೋ ಅಕ್ಷರ ಬಿಟ್ರೆ ಇಸವಿ ಇಲ್ಲ. ಅಪ್ಪಂಗೆ 13ರ ವಿಷಯ ಹೇಳ್ದೆ, ಪದಕ ಕೈಲಿ ಹಿಡ್ಕೊಂಡು ತುಂಬಾ ಹೊತ್ತು ಕೂತಿದ್ರು, ಆಮೇಲೆ ಆ ಹುಡುಗ ಬದುಕಿದ್ನಾ ಅಂತ ಕೇಳಿದ್ರು.

ಉತ್ತರ 3:
ಬದುಕಿದ ಅಂತ ಹೇಳಿ. ದೊಡ್ಡೋನಾದ್ಮೇಲೆ ಪಾಶ್ಚರ್ ಇನ್‌ಸ್ಟಿಟ್ಯೂಟಲ್ಲೇ ಕಾವಲುಗಾರನಾಗಿದ್ದ.