ದಶಕ ಬಿಡಿಸಿ ಕಳೆಯುವ ಲೆಕ್ಕ: ಮನೆಯಲ್ಲಿ ಹೇಗೆ ಕಲಿಸುವುದು?

ಪ್ರಶ್ನೆ: ಎರಡನೇ ತರಗತಿಯ ಮಗು 42 – 17 ಕೊಟ್ಟರೆ 35 ಎಂದು ಬರೆಯುತ್ತದೆ. ಎಷ್ಟು ಹೇಳಿಕೊಟ್ಟರೂ ಅದೇ ತಪ್ಪು. ಏನು ಮಾಡಿಸಬಹುದು?

ಉತ್ತರ 1: 2ರಲ್ಲಿ 7 ಹೋಗದ್ದರಿಂದ 7ರಲ್ಲೇ 2 ಕಳೆದಿದೆ. ತೀರಾ ಸಾಮಾನ್ಯ ತಪ್ಪು, ಗದರಬೇಡಿ. ಪೆನ್ಸಿಲ್ ಬದಿಗಿಟ್ಟು 50 ಕಡ್ಡಿ, 5 ರಬ್ಬರ್ ಬ್ಯಾಂಡ್ ತನ್ನಿ. ಹತ್ತತ್ತು ಎಣಿಸಿ ಕಟ್ಟುವುದು ಮಗುವೇ ಆಗಬೇಕು. ನೀವು ಕಟ್ಟಿಕೊಟ್ಟರೆ ಕಟ್ಟಿನೊಳಗೆ ಹತ್ತಿದೆ ಎಂಬ ನಂಬಿಕೆ ಹುಟ್ಟುವುದಿಲ್ಲ. 4 ಕಟ್ಟು, 2 ಬಿಡಿ ಇಡಿಸಿ ‘7 ಬಿಡಿ ಕೊಡು’ ಎನ್ನಿ. ಸಾಲದು. ಒಂದು ಕಟ್ಟು ಬಿಚ್ಚಿದರೆ 3 ಕಟ್ಟು, 12 ಬಿಡಿ. ಇಲ್ಲಿ ನಿಲ್ಲಿಸಿ, ‘ಈಗಲೂ 42 ಇದೆಯಾ?’ ಎಂದು ಕೇಳಿ. ಚಟುವಟಿಕೆಯ ಜೀವಾಳ ಈ ಪ್ರಶ್ನೆಯೇ. ಆಮೇಲೆ 7 ಬಿಡಿ, 1 ಕಟ್ಟು ತೆಗೆದರೆ ಉಳಿಯುವುದು 25.

ಉತ್ತರ 2: 17ನ್ನು ಬೇರೆ ಕಡ್ಡಿಗಳಲ್ಲಿ ಜೋಡಿಸಬೇಡಿ. ಜೋಡಿಸಿದರೆ ಮಗು ಎರಡನ್ನೂ ಕೂಡಿ 59 ಎನ್ನುತ್ತದೆ. 17ನ್ನು ಚೀಟಿಯಲ್ಲಿ ಬರೆದಿಡಿ.

ಉತ್ತರ 3: ಕಡ್ಡಿಯಿಂದ ನೇರ ಅಂಕಿಗೆ ಹಾರಬೇಡಿ. ನಡುವೆ ಕೆಲವು ದಿನ ಕಟ್ಟಿಗೆ ಗೆರೆ, ಬಿಡಿಗೆ ಚುಕ್ಕೆ ಬರೆಸಿ. 40 – 16ರಂಥ ಸೊನ್ನೆಯ ಲೆಕ್ಕ ಕೊನೆಗಿರಲಿ. ದಿನಕ್ಕೆ ಹತ್ತು ನಿಮಿಷ ಸಾಕು.