ಅಪ್‌ಡೇಟ್: ಹಣಗೆರೆ ದಾರಿಯಲ್ಲೇ ಹೋಗಿಬಂದೆವು, ಅರ್ಧ

ಸೊಂಟನೋವಿನ ಅಮ್ಮನನ್ನು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಕರೆದೊಯ್ಯಬೇಕು, ಮಂಡಗದ್ದೆ ಕಡೆಯ ಹೆದ್ದಾರಿ ಕಾಮಗಾರಿ ಮುಗಿಯುವ ಲಕ್ಷಣವಿಲ್ಲ, ಆಯನೂರು–ಹಣಗೆರೆಕಟ್ಟೆ ರಸ್ತೆ ಹೇಗಿದೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ.

ಸಾಗರ ರಸ್ತೆಯಲ್ಲಿ ಆಯನೂರಿನವರೆಗೆ ಹೋಗಿ ಎಡಕ್ಕೆ ತಿರುಗಿದೆವು. ಸುತ್ತು ಹೌದು, ಶೆಟ್ಟಿಹಳ್ಳಿ ಕಾಡಿನ ದಾರಿ ಕಿರಿದೂ ಹೌದು. ಎದುರಿನಿಂದ ಬಸ್ ಬಂದಾಗಲೆಲ್ಲ ಒಂದು ಚಕ್ರವನ್ನು ಮಣ್ಣಿಗಿಳಿಸಬೇಕಾಯಿತು. ಆದರೂ ಹಣಗೆರೆಯಲ್ಲಿ ಕೈಮುಗಿಯಲು ಇಳಿಯುವವರೆಗೆ ಅಮ್ಮ ಒಮ್ಮೆಯೂ ನರಳಲಿಲ್ಲ.

ಹಿಂದಿರುಗುವಾಗ ಬುದ್ಧಿ ಕೆಟ್ಟು ಮಂಡಗದ್ದೆ ಕಡೆಯ ಆ ರಾಷ್ಟ್ರೀಯ ಹೆದ್ದಾರಿ 169ನ್ನೇ ಹಿಡಿದೆ. ಮಳೆ ಬಿದ್ದ ಕೆಮ್ಮಣ್ಣು, ಅದರ ಮೇಲೆ ಸುರಿದ ಜಲ್ಲಿ. ಹೊಂಡವೊಂದರಲ್ಲಿ ಕಾರಿನ ತಳ ಗೀರಿದ ಸದ್ದಿಗೆ ಅಮ್ಮ ನನ್ನ ತೋಳು ಹಿಡಿದುಕೊಂಡರು. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಫಲಕಕ್ಕೆ ತುಕ್ಕು ಹಿಡಿದು ‘ಪ್ರಗತಿ’ ಮಾತ್ರ ಅಳಿಸಿಹೋಗಿದೆ, ನಾನು ಹುಟ್ಟಿಸಿ ಹೇಳುತ್ತಿಲ್ಲ. ಕೆಂಪು ಬಾವುಟದ ಹುಡುಗ ನಮ್ಮನ್ನು ನಿಲ್ಲಿಸಿದ ಕಡೆ ತುಂಗೆಯ ಮರಗಳ ತುಂಬ ಬೆಳ್ಳಕ್ಕಿಗಳು, ಅಷ್ಟೇ ಲಾಭ.

ಮುಂದಿನ ತಿಂಗಳು ಮತ್ತೆ ಆಸ್ಪತ್ರೆಗೆ ಹೋಗಬೇಕು. ಎರಡೂ ಕಡೆಗೆ ಹಣಗೆರೆಯ ದಾರಿಯೇ, ಕತ್ತಲಾಗುವ ಮುಂಚೆ.