ವೈರಸ್ ಕವಚದ ಗಾತ್ರವನ್ನು ನಿರ್ಧರಿಸುವುದು ಯಾವ ಭಾಗ?

ಎರಡನೇ ಸೆಮಿಸ್ಟರ್:
ಅಗಸೆ ಮರಕ್ಕೆ ತಗಲುವ ಸೆಸ್ಬೇನಿಯಾ ಮೊಸಾಯಿಕ್ ವೈರಸ್‌ನ ಕವಚದಲ್ಲಿ ಒಂದೇ ಪ್ರೋಟೀನಿನ 180 ಪ್ರತಿಗಳಿವೆ. ಅದರ ಎನ್-ತುದಿಯಿಂದ, ಅಂದರೆ ಪ್ರೋಟೀನ್ ಸರಪಳಿ ಶುರುವಾಗುವ ತುದಿಯಿಂದ, 65 ಅಮೈನೋ ಆಮ್ಲಗಳನ್ನು ಕತ್ತರಿಸಿದರೆ 60 ಪ್ರತಿಗಳ ಪುಟ್ಟ ಕವಚ ಕಟ್ಟಿಕೊಳ್ಳುತ್ತದೆಯಂತೆ. ಅಷ್ಟು ಕತ್ತರಿಸಿದ ಮೇಲೆ ಕವಚವೇ ಆಗಬಾರದಲ್ಲವೇ?

ಹಳೆಯ ಪಿಪೆಟ್:
ಏಕಾಗಬಾರದು? ಗೋಡೆಯಾಗುವ ಭಾಗ ಹಾಗೇ ಉಳಿದಿದೆಯಲ್ಲ. 60 ಪ್ರತಿಗಳಾದರೆ ಎಲ್ಲವೂ ಐದೈದರ ಗುಂಪಿನಲ್ಲಿ, ಒಂದೇ ಭಂಗಿಯಲ್ಲಿ ನಿಂತರೆ ಸಾಕು. 180 ಆಗಬೇಕಾದರೆ ಕಾಲ್ಚೆಂಡಿನ ಹಾಗೆ 12 ಐದರ ಗುಂಪುಗಳ ನಡುವೆ 20 ಆರರ ಗುಂಪುಗಳೂ ಬೇಕು. ಅದೇ ಪ್ರೋಟೀನ್ ಮೂರು ಭಂಗಿ ತಾಳಬೇಕು. ಅದಕ್ಕೆ ನೆರವಾಗುವುದು ನೀವು ಕತ್ತರಿಸಿದ ಆ ತೋಳು.

ಎರಡನೇ ಸೆಮಿಸ್ಟರ್:
ಹಾಗಾದರೆ ಮೂರು ತೋಳುಗಳು ಹೆಣೆದುಕೊಂಡು ಆಗುವ ಬೀಟಾ ಉಂಗುರವೇ ಗಾತ್ರ ನಿರ್ಧರಿಸುತ್ತದೆ ಎಂದು ನಮ್ಮ ಮೇಷ್ಟ್ರು ಹೇಳಿದ್ದು ಸರಿ, ಅಲ್ಲವೇ ಸರ್?

ಹಳೆಯ ಪಿಪೆಟ್:
ಅಲ್ಲ. ಮೇಷ್ಟ್ರನ್ನು ದೂರುವಂತಿಲ್ಲ, ಚಿತ್ರ ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎನ್. ಮೂರ್ತಿ, ಎಚ್.ಎಸ್. ಸಾವಿತ್ರಿ ಅವರ ತಂಡ ಉಂಗುರದ ಭಾಗವನ್ನಷ್ಟೇ, ಅಂದರೆ 48ರಿಂದ 59ರವರೆಗಿನ ಅಮೈನೋ ಆಮ್ಲಗಳನ್ನು, ತೆಗೆದು ನೋಡಿತು. ಬಂದದ್ದು 180 ಪ್ರತಿಗಳ ಕವಚವೇ! ಉಂಗುರ ಕಾರಣವಲ್ಲ, ಜೋಡಣೆಯ ಫಲ. ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ.

ಕವಚವೇ ಆಗದಂತೆ ಮಾಡಬೇಕೆ? ಐದರ ಗುಂಪು ಕೂಡುವ ಜಾಗದಲ್ಲಿರುವ 170ನೆಯ ಅಮೈನೋ ಆಮ್ಲ ಟ್ರಿಪ್ಟೊಫ್ಯಾನ್ ತೆಗೆದು ಲೈಸಿನ್ ಹಾಕಿ. ಒಂದೇ ಒಂದು ಬದಲಾವಣೆ. ಪ್ರೋಟೀನ್ ಜೋಡಿಗಳಾಗಿ ನಿಂತುಬಿಡುತ್ತದೆ. ಸುಕ್ರೋಸ್ ಗ್ರೇಡಿಯೆಂಟ್ ಕೊಳವೆಯನ್ನು (ಕೆಳಕ್ಕೆ ಹೋದಂತೆ ಗಟ್ಟಿಯಾಗುವ ಸಕ್ಕರೆ ದ್ರಾವಣದಲ್ಲಿ ಕವಚಗಳನ್ನು ಗಿರಗಿರ ತಿರುಗಿಸಿ ಗಾತ್ರದಂತೆ ಬೇರ್ಪಡಿಸುವ ಕೊಳವೆ) ಕತ್ತಲಲ್ಲಿ ಹಿಡಿದು ಬೆಳಕು ಬಿಟ್ಟರೆ ಕವಚಗಳಿರುವ ಕಡೆ ತಿಳಿನೀಲಿ ಪಟ್ಟಿ ಹೊಳೆಯುತ್ತದೆ. ಪುಟ್ಟ ಕವಚದ್ದು ದೊಡ್ಡದಕ್ಕಿಂತ ಮೇಲೆ. ಬರೀ ಜೋಡಿಗಳಾದರೆ ಪಟ್ಟಿಯೇ ಇಲ್ಲ. ಕೊಳವೆ ಬೋಳು.

ಫೇಜ್ ಪಕ್ಷಪಾತಿ:
ನಡುವೆ ಬಾಯಿ ಹಾಕುತ್ತಿದ್ದೇನೆ. ತೋಳಿನ ಹಂಗಿಲ್ಲದೆಯೂ ಗಾತ್ರ ಕುಗ್ಗುತ್ತದೆ. ಬ್ಯಾಕ್ಟೀರಿಯಾಕ್ಕೆ ಸೋಂಕುವ ಎಂಎಸ್2 ಫೇಜ್‌ನಲ್ಲಿ 37ನೆಯ ಸೆರಿನ್ ಬದಲು ಪ್ರೋಲಿನ್ ಹಾಕಿದರೆ ಸಾಕು, 27 ನ್ಯಾನೋಮೀಟರಿನ ಕವಚ 17ಕ್ಕೆ ಇಳಿಯುತ್ತದೆ. ಔಷಧ ತುಂಬಿ ಕಳಿಸುವ ಡಬ್ಬಿಯಾಗಿ ಬಳಸಬೇಕೆನ್ನುವವರಿಗೆ ಹಬ್ಬ.

ಹಳೆಯ ಪಿಪೆಟ್:
ಅವರಿಗೆ ಹಬ್ಬ, ವೈರಸ್‌ಗೆ ಸೂತಕ. ಅಗಸೆಯ ವೈರಸ್ಸು ಕವಚದೊಳಗೆ ಹೊತ್ತೊಯ್ಯಬೇಕಾದ ಆನುವಂಶಿಕ ವಸ್ತುವಾದ ಆರ್‌ಎನ್‌ಎಯಲ್ಲಿ 4,000ಕ್ಕೂ ಹೆಚ್ಚು ನ್ಯೂಕ್ಲಿಯೋಟೈಡ್‌ಗಳಿವೆ. 60 ಪ್ರತಿಗಳ ಕವಚದಲ್ಲಿ ಅದಕ್ಕೆ ಜಾಗ ಸಾಲದು.